ಇನ್ನೊಂದು ರೊಟ್ಟಿಯ ಹರಕೆ

ನಮ್ಮ ಮನೆಯ ಬೆಕ್ಕಿಗೆ ಜಪಾನಿ ಭಾಷೆ ತಿಳಿಯುತ್ತದೆ. ನಗಬೇಡಿ. ಅದು ಹಾಲಿನ ಗಡಿಗೆಯತ್ತ ಮೂತಿ ಚಾಚಿದರೆ ಸಾಕು, ನಮ್ಮಕ್ಕ ಒಲೆಯ ಮುಂದೆ ಕೂತಲ್ಲಿಂದಲೇ "ಚೊತ್ತೊ ಮತ್ತೆ!" ಎನ್ನುತ್ತಾಳೆ. ಸ್ವಲ್ಪ ತಡಿ ಅಂತ ಅರ್ಥ. ಬೆಕ್ಕು ತಡೆಯುತ್ತದೆ. ನಾನು ಅಚ್ಚ ಕನ್ನಡದಲ್ಲಿ ಬೈದರೆ ತಿರುಗಿಯೂ ನೋಡುವುದಿಲ್ಲ, ಮೂದೇವಿ.

ನಮ್ಮಕ್ಕ ಎಂದರೆ ಕೊಟ್ರಬಸಮ್ಮ. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ಅವಳದು. ಹುಟ್ಟಿದ್ದು ಕಂಪ್ಲಿಯಲ್ಲಿ, ಸೊಸೆಯಾಗಿ ಬಂದದ್ದು ಇಲ್ಲಿಗೆ. ಗಂಡ ಬಂಡಿ ಹೊಡೆಯುತ್ತಿದ್ದ, ಪ್ಲೇಗಿನಲ್ಲಿ ಹೋದ. ಮಕ್ಕಳಾಗಿರಲಿಲ್ಲ. ಅತ್ತೆಮನೆಯವರು "ಇನ್ನ ಮುಂದ ಏನ್ ಮಾಡ್ತಿ?" ಎಂದು ಕೇಳಿದ್ದಕ್ಕೆ "ರೊಟ್ಟಿ ಮಾಡ್ತೀನಿ" ಅಂದಳಂತೆ. ಮಾಡಿಯೇ ಬಿಟ್ಟಳು. ನಾನು ಪಂಪಮ್ಮ, ಅವಳ ಒಬ್ಬಳೇ ತಂಗಿ. ನನ್ನ ಗಂಡ ಗುಂತಕಲ್ಲಿನಲ್ಲಿ ರೈಲ್ವೆ ಕೆಲಸಕ್ಕಿದ್ದಾನೆ, ಆಗಾಗ ಬಂದು ಹೋಗುತ್ತಾನೆ. ಉಳಿದ ದಿನವೆಲ್ಲ ನಾನು ಅಕ್ಕನ ಜೊತೆ, ಹೊಗೆಯ ಜೊತೆ.

ಅಕ್ಕನಿಗೆ ಒಂದು ಹುಚ್ಚಿದೆ. ಖಾಲಿ ತಾಟು ಕಂಡರೆ ಅವಳಿಗೆ ಆಗುವುದಿಲ್ಲ. ನಮ್ಮ ಕಡೆ ಉಣ್ಣುವವರ ರೀತಿ ನಿಮಗೆ ಗೊತ್ತೇ ಇದೆ. ಮೊದಲನೆಯ 'ಬ್ಯಾಡ' ನಾಚಿಕೆಗೆ, ಎರಡನೆಯದು ಮರ್ಯಾದೆಗೆ. ಮೂರನೆಯ ಸಲ ತಾಟಿನ ಮೇಲೆ ಕೈ ಅಡ್ಡ ಹಿಡಿದು "ಬ್ಯಾಡಬೇ ತಾಯಿ" ಅಂದರೆ ಮಾತ್ರ ನಿಜವಾಗಿ ಬೇಡ. ಹೊಟ್ಟೆ ತುಂಬಿತು ಅನ್ನುವುದಕ್ಕೆ ತಾಟಿನಲ್ಲಿ ಒಂದು ತುತ್ತು ಉಳಿಸುವುದೂ ಉಂಟು. ಅಲ್ಲಿಯವರೆಗೆ ಬಡಿಸುವವರು ಬಡಿಸುತ್ತಲೇ ಇರಬೇಕು. ಅಕ್ಕ ಆ ಮೂರನೆಯದಕ್ಕೂ ಒಮ್ಮೊಮ್ಮೆ ಬಗ್ಗುವವಳಲ್ಲ.

ಇಂಥವಳ ಕೈಗೆ ಪಾಪ, ಮಿಯಾಕೆ ಸಿಕ್ಕಿಬಿದ್ದ.

ದೊಡ್ಡ ಲಡಾಯಿಗೆ ಸ್ವಲ್ಪ ಮುಂಚಿನ ಮಾತು. ಸಂಡೂರು ಗುಡ್ಡದ ಮ್ಯಾಂಗನೀಸು ನಮ್ಮ ಸ್ಟೇಷನ್ನಿನ ಹತ್ತಿರ ಕರ್ರಗೆ ರಾಶಿ ಬೀಳುತ್ತಿತ್ತು. ಅದನ್ನು ಕೊಳ್ಳುವ ಜಪಾನಿನ ಕಂಪನಿಯೊಂದು ಅದಿರು ಪರೀಕ್ಷೆ ಮಾಡಲು ಈ ಮಿಯಾಕೆಯನ್ನು ಕಳಿಸಿತ್ತು. ಸಣ್ಣ ಆಳು, ದುಂಡು ಕನ್ನಡಕ, ಯಾರನ್ನು ಕಂಡರೂ ಸೊಂಟ ಬಗ್ಗಿಸಿ ನಮಸ್ಕಾರ. ಕಂಪನಿ ಕೊಟ್ಟ ಬಂಗಲೆಯ ಬಟ್ಲರನ ಅಡುಗೆ ಒಗ್ಗದೆ, ಸುಟ್ಟ ರೊಟ್ಟಿಯ ವಾಸನೆ ಹಿಡಿದು ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು ನಿಂತ. ಒಳಗೆ ಉಣ್ಣುತ್ತಿದ್ದವರಲ್ಲಿ ಗುಸುಗುಸು ಎದ್ದಿತು. ಅವನು ಕೂತ, ತಾಟಿನ ಮುಂದೆ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿ "ಇತದಾಕಿಮಾಸ್" ಅಂದ. ಅಕ್ಕ ಸೊಂಟಕ್ಕೆ ಕೈ ಕೊಟ್ಟು ಎಲ್ಲರ ಕಡೆ ತಿರುಗಿದಳು.

"ಅನ್ನಕ್ಕ ಕೈ ಮುಗದು ಉಣ್ಣಾಂವ ಅದಾನ. ನಿಮ್ಮೊಳಗ ಯಾರ್ರೀ ಮುಗೀತೀರಿ?"

ಗುಸುಗುಸು ನಿಂತಿತು. ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಎರ್ರಿಯಪ್ಪನಂತೂ ಗಾಬರಿಯಾಗಿ ತುತ್ತು ಬಾಯಲ್ಲಿದ್ದಂತೆಯೇ ಕೈ ಮುಗಿದ.

ಅಂದಿನಿಂದ ಮಿಯಾಕೆ ನಮ್ಮ ಖಾಯಂ ಗಿರಾಕಿ. ಮಂಡಿ ಮಡಿಸಿ ಹಿಮ್ಮಡಿಯ ಮೇಲೆ ಕೂರುತ್ತಿದ್ದ, ಈಗ ಎದ್ದು ಹೋಗುವವನ ಹಾಗೆ. ಎದ್ದುಬಿಟ್ಟಾನೆಂಬ ಅವಸರಕ್ಕೆ ಅಕ್ಕ ಜೋರು ಜೋರಾಗಿ ಬಡಿಸುವಳು. ಅವನು ಒಮ್ಮೆ ಏನೋ ಅನ್ನುವನು. ಅದು ಅವರ ಭಾಷೆಯ 'ಬ್ಯಾಡ'. ಒಂದೇ ಸಲ, ಮೆಲ್ಲಗೆ. ಅಕ್ಕನ ಲೆಕ್ಕದಲ್ಲಿ ಅದು ನಾಚಿಕೆ. ಹಾಕುವಳು. ಅವನು ತಲೆ ತಗ್ಗಿಸಿ ಅದನ್ನೂ ಉಣ್ಣುವನು. ತಾಟು ಖಾಲಿ. ಖಾಲಿಯಾಯಿತಲ್ಲ, ಮತ್ತೆ ಹಾಕುವಳು. ಪುಂಡಿ ಪಲ್ಯ, ಎಣ್ಣೆಗಾಯಿ, ಮೇಲೆ ಅನ್ನ, ಮೇಲೆ ಮಜ್ಜಿಗೆ. "ಇಂಥಾ ಉಣ್ಣಾಂವನ್ನ ನಾ ಕಂಡೇ ಇಲ್ಲ ಪಂಪೀ! ಅವ್ವ ಒಳ್ಳೆ ಹೊತ್ತಿನಾಗ ಹಡದಾಳ," ಎಂದು ಊರೆಲ್ಲ ಹೇಳಿಕೊಂಡು ತಿರುಗಿದಳು.

ಶ್ರಾವಣ ಬರುವಷ್ಟರಲ್ಲಿ ಅವನು ಹಾಸಿಗೆ ಹಿಡಿದ. ಹೊಟ್ಟೆ ಉಬ್ಬರ, ಏಳಲಾರ, ಕೂರಲಾರ. ಅವನ ಕಂಪನಿಯ ಬೊಂಬಾಯಿ ಆಫೀಸಿನಿಂದ ಪ್ರಭಂಜನರಾಯರು ನೋಡಲು ಬಂದರು. ಕಮಲಾಪುರದವರು, ಆಚಾರದ ಮನುಷ್ಯ, ಜಪಾನಿಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಅವರ ಭಾಷೆ ಕಲಿತಿದ್ದರು. ನಮ್ಮ ಮನೆಯಲ್ಲಿ ನೀರೂ ಮುಟ್ಟುವವರಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು, ತಾವೇ ತಂದ ಬಾಳೆಹಣ್ಣು ಸುಲಿಯುತ್ತಾ ಅಕ್ಕನನ್ನು ಕರೆದರು.

"ಏನವಾ ಕೊಟ್ರಬಸಮ್ಮ, ಅವನ್ನ ಕೊಲ್ಲಬೇಕಂತ ಮಾಡೀಯೇನು?"

"ಯಪ್ಪಾ! ಹಂಗ್ಯಾಕಂತೀರಿ? ಹೊಟ್ಟಿ ತುಂಬ ಹಾಕೀನ್ರೀ."

"ಅದಽ ತಪ್ಪಾಗೇದ. ಅವರ ದೇಶದಾಗ ತಾಟಿನಾಗ ಬಿಟ್ರ ಹಾಕಿದವರಿಗೆ ಅವಮಾನ. ಒಂದು ಅಗಳೂ ಬಿಡೋ ಹಂಗಿಲ್ಲ. ಬ್ಯಾಡ ಅಂತ ಒಮ್ಮೆ ಅಂದ್ರ ಮುಗೀತು, ಅದು ಖರೇ ಬ್ಯಾಡ. ನೀನು ಹಾಕ್ಕೋತ ಹೋದಿ, ಅವ ನಿನ್ನ ಮರ್ಯಾದಿಗಂತ ನುಂಗ್ಕೋತ ಹೋದ."

ಅಕ್ಕ ಅಲ್ಲೇ ಕಟ್ಟೆಯ ಕೆಳಗೆ ಕುಸಿದು ಕೂತಳು. ನಾನು ನಗುತ್ತಿದ್ದೆ. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. "ಇಷ್ಟು ದಿನ ಅವ ನನ್ನ ಕೂಡ ಮಾತಾಡೇ ಆಡ್ಯಾನ ಪಂಪೀ, ನಾ ಕೇಳೇ ಇಲ್ಲ," ಅಂದಳು. "ಕಿವಿ ಇದ್ದು ಕಿವುಡಿ ಆದ್ನಲ್ಲೇ." ಆ ದಿನ ಅವಳು ಉಣ್ಣಲಿಲ್ಲ. ಖಾನಾವಳಿಯವಳು ಉಣ್ಣದೆ ಮಲಗಿದರೆ ಅದು ದೊಡ್ಡ ಸುದ್ದಿಯೇ.

ಮರುದಿನ ಸೋಮವಾರ. ಮಿಂದು, ವಿಭೂತಿ ಹಚ್ಚಿ, ಜಗಲಿಯ ಮುಂದೆ ನಿಂತು ಕೊಟ್ಟೂರು ಬಸವಣ್ಣನಿಗೆ ಹರಕೆ ಹೊತ್ತಳು. ಹರಕೆ ಎಂದರೆ ಜನ ಮಗು ಬೇಡುತ್ತಾರೆ, ಮಳೆ ಬೇಡುತ್ತಾರೆ. ಇವಳು ಜಪಾನಿ ಭಾಷೆ ಬೇಡಿದಳು. ಬೇಡುವುದೂ ಒಂದೇ ಗುಕ್ಕಿಗಲ್ಲ, ರೊಟ್ಟಿಯ ಹಾಗೆ ಒಂದೊಂದಾಗಿ. ಬರುವ ಸೋಮವಾರದೊಳಗೆ ಅವನ 'ಸಾಕು' ಕಿವಿಗೆ ಬಿದ್ದ ಕೂಡಲೇ ತನ್ನ ಕೈ ನಿಲ್ಲಬೇಕು. ಅಲ್ಲಿಯವರೆಗೆ ಮಧ್ಯಾಹ್ನದ ನಿದ್ದೆ ಇಲ್ಲ. ಅದು ಕೈಗೂಡಿದರೆ ಮುಂದಿನದು, ಅದಕ್ಕೆ ಇನ್ನೊಂದನ್ನು ಬಿಡುವುದು.

"ಅಕ್ಕಾ, ಈ ವಯಸ್ಸಿಗೆ ನಿನ್ನ ನಾಲಗಿ ತಿರಗತೈತೇನು?"

"ಹಲ್ಲಿಲ್ಲದ ಮುದುಕೇರು ಶೇಂಗಾ ತಿಂತಾರ, ನಂದು ತಿರಗಂಗಿಲ್ಲೇನು? ಸುಮ್ನ ಹಿಟ್ಟು ನಾದು."

'ಸಾಕು' ಅನ್ನುವುದು ಅವರಲ್ಲಿ 'ಮೋ ಕೆಕ್ಕೋ ದೆಸ್'. ಪ್ರಭಂಜನರಾಯರು ಕಟ್ಟೆಯ ಮೇಲಿಂದ ಹೇಳಿಕೊಟ್ಟು ಬೊಂಬಾಯಿಗೆ ಹೋದರು. ಅಕ್ಕ ರೊಟ್ಟಿ ತಟ್ಟುತ್ತಾ ಅದನ್ನೇ ತಟ್ಟಿದಳು. ಒಂದು ಏಟಿಗೆ ಮೋ, ಇನ್ನೊಂದಕ್ಕೆ ಕೆಕ್ಕೋ, ತಿರುಗಿಸಿ ಹಾಕುವಾಗ ದೆಸ್. ಪಕ್ಕದ ಮನೆಯ ದ್ಯಾಮಕ್ಕ ಗೋಡೆಯಾಚೆಯಿಂದ "ಏನ್ರವಾ ಅದು, ಕೋಳಿ ಸಾಕೀರೇನು?" ಎಂದು ಕೂಗಿದಳು. ಅಕ್ಕ ನನ್ನನ್ನು ತಾಟಿನ ಮುಂದೆ ಕೂರಿಸಿ ಮಿಯಾಕೆಯ ಪಾತ್ರ ಕೊಟ್ಟಳು. ನಾನು ಒಮ್ಮೆ ಅನ್ನಬೇಕು, ಅವಳ ಕೈ ಗಾಳಿಯಲ್ಲಿ ನಿಲ್ಲಬೇಕು. ನಿಲ್ಲುತ್ತಲೇ ಇರಲಿಲ್ಲ! ಕಿವಿ ಕೇಳುತ್ತದೆ, ಕೈ ಕೇಳುವುದಿಲ್ಲ. ಅವಳ ಜಪಾನಿ ಕಲಿಕೆಯಲ್ಲಿ ದಪ್ಪಗಾದವಳು ನಾನು.

ಮಿಯಾಕೆ ಗುಣವಾಗಿ ಬಂದ ದಿನ ಅವಳು ಸೌಟು ಹಿಡಿದು ಅವನ ತುಟಿಯನ್ನೇ ನೋಡುತ್ತಾ ನಿಂತಳು. ಅವನು "ಮೋ..." ಅನ್ನುವುದರೊಳಗೆ ಕೈ ಹಿಂದೆಗೆದುಕೊಂಡಳು. ಅವನು ತಲೆ ಎತ್ತಿ ನೋಡಿದ. ಅವಳು ಗಂಭೀರವಾಗಿ "ಕೆಕ್ಕೋ ದೆಸ್?" ಅಂದಳು. ಆ ಮನುಷ್ಯನ ಕಣ್ಣು ತುಂಬಿತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡ.

ಆಮೇಲೆ ಒಂದು ತಮಾಷೆ ಆಯಿತು. ಪ್ರಭಂಜನರಾಯರು ಅವನಿಗೂ ನಮ್ಮ ರೀತಿ ಹೇಳಿಕೊಟ್ಟು ಹೋಗಿದ್ದರು, ಇಲ್ಲಿ ತಾಟು ಖಾಲಿ ಮಾಡಿದರೆ ಇನ್ನೂ ಬೇಕು ಅಂತ ಅರ್ಥ, ಸ್ವಲ್ಪ ಬಿಡಬೇಕು ಎಂದು. ಒಂದು ದಿನ ಅವನು ಅರ್ಧ ರೊಟ್ಟಿ ಬಿಟ್ಟ. ಅಕ್ಕನ ತಲೆಯಲ್ಲಿ ಈಗ ಜಪಾನಿನ ರೀತಿ ಕೂತಿದೆಯಲ್ಲ! ಬಿಟ್ಟನೆಂದರೆ ಸಿಟ್ಟಾಗಿದ್ದಾನೆ. ಇವಳ ಮುಖ ಸಪ್ಪಗಾಯಿತು. "ಒಯಿಶಿ ಇಲ್ಲೇನ್ರೀ?" ಎಂದು ಅರ್ಧ ಅವರದು ಅರ್ಧ ನಮ್ಮದು ಸೇರಿಸಿ ರುಚಿ ಇಲ್ಲವೇ ಎಂದು ಕೇಳಿದಳು. ಅವನು ಗಾಬರಿಯಾಗಿ ತಾಟಿನ ಮೇಲೆ ಕೈ ಅಡ್ಡ ಹಿಡಿದು "ಬ್ಯಾಡ, ಬ್ಯಾಡ, ಬ್ಯಾಡ!" ಎಂದು ಮೂರನ್ನೂ ಒಂದೇ ಉಸಿರಿಗೆ ಮುಗಿಸಿದ. ಎರ್ರಿಯಪ್ಪನಿಗೆ ನಕ್ಕು ನಕ್ಕು ಮಜ್ಜಿಗೆ ನೆತ್ತಿಗೇರಿತು. ಅಂದಿನಿಂದ ಊರಿನಲ್ಲಿ ಅಕ್ಕನ ಹೆಸರು ಜಪಾನಮ್ಮ.

ಹರಕೆಗಳು ಒಂದೊಂದಾಗಿ ತೀರುತ್ತಾ ಹೋದವು. ಹಸಿದಿದ್ದೀಯಾ ಎಂದು ಕೇಳುವುದು, ಮೈ ಹುಷಾರಿದೆಯೇ ಎನ್ನುವುದು, ಮಳೆ, ಬಿಸಿಲು, ಉಪ್ಪು ಹೆಚ್ಚಾಯಿತೇ. ಒಂದಕ್ಕೆ ಶೇಂಗಾ ಹಿಂಡಿ ಬಿಟ್ಟಳು, ಇನ್ನೊಂದಕ್ಕೆ ಬೆಲ್ಲ. ಕಲಿತ ಮೇಲೆ ಒಂದು ಕುಡಿಕೆ ಬೆಲ್ಲ ಒಬ್ಬಳೇ ತಿಂದಳು. ಆದರೆ ಒಂದು ಸಂಗತಿ ಅವಳನ್ನು ಒಳಗೇ ಕೊರೆಯುತ್ತಿತ್ತು. ಒಂದು ಸಂಜೆ ಜೋಳ ಹಸನು ಮಾಡುವಾಗ ಅದು ಹೊರಗೆ ಬಿತ್ತು.

"ಎರ್ರಿಯಪ್ಪ ಏನಂತಾನ? ಯಕ್ಕಾ, ಇನ್ನೊಂದು ಹಾಕು ಅಂತಾನ. ಎಲ್ಲಾರೂ ಅಂತಾರ. ಈ ಮಿಯಾಕೆ ಒಂದ್ ದಿನಾನೂ ಕೇಳಿಲ್ಲ ನೋಡು. ಹಾಕಿದ್ರ ಉಣ್ತಾನ, ಸಾಕಂದ್ರ ಸಾಕು. ಬೀಗರಂಗ."

"ಹೊಟ್ಟಿ ತುಂಬೈತಿ, ಕೇಳಂಗಿಲ್ಲ. ನಿಂಗ್ಯಾಕ ಅದು?"

"ಬಡಿಸಿದ್ದು ಉಂಡಾಂವ ಬೀಗ, ಕೇಳಿ ಉಂಡಾಂವ ಮಗ. ಅವನ ಬಾಯಿಂದ ಒಂದ್ಸಲ ಇನ್ನೊಂದು ಅಂತ ಬರಬೇಕು ಪಂಪೀ. ಅಲ್ಲೀತನಕ ನಾ ಎಲಿ-ಅಡಿಕಿ ಮುಟ್ಟಂಗಿಲ್ಲ."

ಅಕ್ಕ ಅನ್ನ ಬಿಟ್ಟಾಳು, ಎಲೆ-ಅಡಿಕೆ ಬಿಡುವುದೆಂದರೆ! ಅವಳ ಸೊಂಟದ ಸಂಚಿ ಅವಳಷ್ಟೇ ಹಳೆಯದು. "ಅಷ್ಟಽ ಏನು? ನಾಳೆ ಅವನಿಗೆ ಹೇಳು, ಇನ್ನೊಂದು ಅಂತ ಕೇಳಪಾ ಅಂತ," ಎಂದೆ.

"ಹೇಳಿ ಹೇಳಿಸಿಕೊಂಡ್ರ ಅದು ಕೇಳಿದಂಗಾತೇನು? ತಾನಾಗಿ ಬರಬೇಕು. ಮತ್ತ ಅದು ಕನ್ನಡದಾಗ ಬರಂಗಿಲ್ಲ. ಖರೇ ಬೇಕಾದಾಗ ಯಾರಿಗಾದ್ರೂ ಅವರವ್ವನ ಭಾಷಾನಽ ಬಾಯಿಗೆ ಬರತೈತಿ. ಮೆಲ್ಲಕ ಅಂತಾನ, ಒಮ್ಮೆ ಅಂತಾನ. ಅದು ನನಗ ತಪ್ಪಿ ಹೋಗಬಾರದು."

ಅದಕ್ಕೇ ಕಿವಿಯ ಸಾಧನೆ ಶುರುವಾಯಿತು. ಸಂಜೆಯ ಊಟ ಮುಗಿದ ಮೇಲೆ ಮಿಯಾಕೆಯನ್ನು ಕಟ್ಟೆಯ ಮೇಲೆ ಕೂರಿಸಿ ಅವನ ಭಾಷೆಯಲ್ಲಿ ಏನಾದರೂ ಮಾತಾಡು ಅನ್ನುವಳು. ತಾನು ಕಣ್ಣು ಮುಚ್ಚಿ, ಪುರಾಣ ಕೇಳುವವರ ಹಾಗೆ ಕೈ ಮಡಿಲಲ್ಲಿಟ್ಟು ಕೂರುವಳು. ಅರ್ಥ ಕೇಳುತ್ತಿರಲಿಲ್ಲ. ಮೊದಮೊದಲು ಮಾತು ಎಲ್ಲಿ ಮುಗಿಯುತ್ತದೆ ಎಂಬುದನ್ನಷ್ಟೇ ಹಿಡಿದಳು. ಆಮೇಲೆ ಪ್ರಶ್ನೆ ಯಾವುದು, ನಗೆ ಯಾವುದು. ಬಳಿಕ ತಿರುಗಿ ತಿರುಗಿ ಬರುವ ಪದ. ಅವನೂ ಪಾಪ, ಯಾರೂ ಮಾತಾಡಿಸುವವರಿಲ್ಲದೆ ಒಣಗಿದ್ದವನು, ಹೊಳೆ ಹರಿದ ಹಾಗೆ ಮಾತಾಡುತ್ತಿದ್ದ. ನನಗಂತೂ ನಿದ್ದೆ ಬರುತ್ತಿತ್ತು.

"ಒಕಾಸಾನ್ ಅಂತಾನ ನೋಡು, ಅದು ಅವ್ವ," ಅಂದಳು ಒಮ್ಮೆ.

"ನಿಂಗ್ಯಾರು ಹೇಳಿದ್ರು?"

"ಆ ಮಾತು ಬಂದಾಗ ಅವನ ದನಿ ಸಣ್ಣದಾಗತೈತಿ. ಮತ್ಯಾರಿರ್ತಾರ?"

ಪ್ರಭಂಜನರಾಯರು ಮುಂದಿನ ಸಲ ಬಂದಾಗ ಕೇಳಿದೆವು. ಅದೇ ಆಗಿತ್ತು. 'ಇನ್ನೊಂದು' ಅನ್ನುವುದಕ್ಕೆ 'ಮೋ ಹಿತೊತ್ಸು' ಎನ್ನುತ್ತಾರೆಂದೂ ಅವರೇ ಹೇಳಿದರು. ಅಕ್ಕ ಅದನ್ನು ಒಮ್ಮೆಯೂ ಬಾಯಿಬಿಟ್ಟು ಅನ್ನಲಿಲ್ಲ. ಅವಳು ಅಂದದ್ದು ಕೇಳಿ ಅವನು ಕಲಿತುಬಿಟ್ಟರೆ ಹರಕೆ ಕೆಡುತ್ತದಂತೆ! ಕಿವಿಯಲ್ಲಿ ಮಾತ್ರ ಇಟ್ಟುಕೊಂಡು ಕಾದಳು.

ಎಲೆ-ಅಡಿಕೆ ಇಲ್ಲದ ಅಕ್ಕನ ಜೊತೆ ಬಾಳುವುದಿದೆಯಲ್ಲ, ಅದು ನನ್ನ ಶತ್ರುವಿಗೂ ಬೇಡ. ಒಲೆ ಉರಿಯದಿದ್ದರೆ ನನ್ನ ತಪ್ಪು, ಉರಿದರೆ ನನ್ನ ತಪ್ಪು. ನಾನು ಹಿತ್ತಲಿಗೆ ಹೋಗಿ ಕದ್ದು ಎಲೆ ಹಾಕಿಕೊಳ್ಳುತ್ತಿದ್ದೆ. ಬಂದರೆ ನನ್ನ ಬಾಯಿಯನ್ನೇ ನೋಡಿ ಮುಖ ತಿರುಗಿಸುವಳು. ಅವಳ ಸಂಚಿ ಗೂಟಕ್ಕೆ ತೂಗುಬಿದ್ದಿತ್ತು. ಮಿಯಾಕೆ ಉಂಡ, ಬಗ್ಗಿದ, ಹೋದ. ಉಂಡ, ಬಗ್ಗಿದ, ಹೋದ. ಲಡಾಯಿ ಶುರುವಾಯಿತು, ಅದಿರಿನ ರಾಶಿ ಸಣ್ಣದಾಯಿತು, ಅವನ ಮಾತೂ ಕಮ್ಮಿಯಾಯಿತು. ಕೇಳಲಿಲ್ಲ.

ಕೊನೆಗೆ ಒಂದು ಬೇಸಿಗೆ ಅವನಿಗೆ ತಂತಿ ಬಂತು. ಇಂಗ್ಲಿಷರಿಗೂ ಜಪಾನಿಗೂ ಕೆಡುವ ಲಕ್ಷಣ ಇದೆ, ಇಲ್ಲಿರುವ ಜಪಾನಿಗಳೆಲ್ಲ ಬೊಂಬಾಯಿಗೆ ಬಂದು ಹಡಗು ಹತ್ತಬೇಕು. ಮರುದಿನ ಮಧ್ಯಾಹ್ನ ಹುಬ್ಬಳ್ಳಿ ಕಡೆಯ ಗಾಡಿ.

ಬೆಳಿಗ್ಗೆ ಅಕ್ಕ ಬುತ್ತಿ ಕಟ್ಟಿದಳು. ಬಿಳಿ ಬಟ್ಟೆಯಲ್ಲಿ ಎರಡೇ ರೊಟ್ಟಿ, ನಡುವೆ ಎಣ್ಣೆಗಾಯಿ. ನನಗೆ ತಡೆಯಲಾಗಲಿಲ್ಲ.

"ಏನಕ್ಕಾ ಇದು? ಸಮುದ್ರ ದಾಟಿ ಹೋಗಾಂವ ಅದಾನ. ಒಂದು ಗಂಟು ಕಟ್ಟು!"

"ಬ್ಯಾಡ. ಅವನ ಹೊಟ್ಟಿ ಎಷ್ಟಂತ ನನಗ ಗೊತ್ತೈತಿ. ಹೆಚ್ಚು ಕಟ್ಟಿದ್ರ ಬಿಡಂಗಿಲ್ಲ, ಎಲ್ಲಾ ಉಂಡು ಗಾಡಿಯಾಗ ನರಳ್ತಾನ. ಕಲತೀನಿ ನಾನು."

ಕಲಿತಿದ್ದಳು, ನಿಜ. ಇಡೀ ಹೊಸಪೇಟೆಗೆ ಬಲವಂತ ಮಾಡಿ ಬಡಿಸಿದ ಕೈ ಅದು, ಎರಡೇ ರೊಟ್ಟಿಗೆ ನಿಂತಿತ್ತು.

ಸ್ಟೇಷನ್ನಿನಲ್ಲಿ ಗಾಡಿ ತಡ. ಮಿಯಾಕೆ ತನ್ನ ಟ್ರಂಕಿನ ಪಕ್ಕದಲ್ಲೇ ಕಲ್ಲಿನ ಮೇಲೆ ಮಂಡಿ ಮಡಿಸಿ ಕೂತು ಬುತ್ತಿ ಬಿಚ್ಚಿದ. "ಇತದಾಕಿಮಾಸ್," ಅಂದ. ಬಿಸಿಲಿನಲ್ಲಿ, ಹಮಾಲರ ನಡುವೆ, ಇಬ್ಬರು ಪೊಲೀಸರು ದೂರದಿಂದ ನೋಡುತ್ತಿರುವಾಗ, ಮೆಲ್ಲಗೆ ಒಂದೊಂದೇ ತುತ್ತು ಉಂಡ. ಅಕ್ಕ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ಅವನ ಭಾಷೆಯಲ್ಲಿ ಹೇಳಿದಳು: ಹುಷಾರು, ತಣ್ಣಗೆ ಹೋಗಿ ಬಾ, ಅವ್ವನಿಗೆ ನಾನು ಕೇಳಿದೆನೆಂದು ಹೇಳು. ಎಲ್ಲಿಯೂ ತಡವರಿಸಲಿಲ್ಲ. ಅವನು ತಲೆ ತಗ್ಗಿಸಿ ಕೇಳಿದ. ರೊಟ್ಟಿ ಮುಗಿಯಿತು. ಬಟ್ಟೆಯ ಮೇಲೆ ಬಿದ್ದ ಚೂರನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದ.

ಗಾಡಿ ಬಂತು, ಹೊಗೆ, ಕೂಗಾಟ. ಎರ್ರಿಯಪ್ಪ ಟ್ರಂಕು ಒಳಗೆ ನೂಕಿದ. ಮಿಯಾಕೆ ಹತ್ತಿ ಕಿಟಕಿಯಲ್ಲಿ ಕೂತ. ಸೀಟಿ ಊದಿದರು. ಆಗ ಅವನು ಆ ಖಾಲಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಹೊರಗೆ ಚಾಚಿದ. ತುಟಿ ಅಲುಗಿತು. ನನಗೆ ಏನೂ ಕೇಳಿಸಲಿಲ್ಲ. ಇಂಜಿನ್ನಿನ ಆ ಸದ್ದಿನಲ್ಲಿ ಯಾರಿಗೂ ಕೇಳಿಸುವ ಹಾಗಿರಲಿಲ್ಲ. ಅಕ್ಕನಿಗೆ ಕೇಳಿಸಿತು.

"ಒಕಾಸಾನ್, ಮೋ ಹಿತೊತ್ಸು."

ಅಕ್ಕ ಬುಟ್ಟಿಗೆ ಕೈ ಹಾಕಿದಳು. ಬುಟ್ಟಿ ಖಾಲಿ. ಮಗುಚಿ ನೋಡಿದಳು. ನನ್ನ ಸೆರಗು ಹಿಡಿದು ಜಗ್ಗಿದಳು, ನನ್ನ ಹತ್ತಿರ ಎಲ್ಲಿಂದ ಬರಬೇಕು ರೊಟ್ಟಿ? ಆಮೇಲೆ ಓಡಿದಳು. ಆ ಮೈ ಹೊತ್ತುಕೊಂಡು, ಸೀರೆ ಎತ್ತಿ ಹಿಡಿದು, "ಚೊತ್ತೊ ಮತ್ತೆ! ಚೊತ್ತೊ ಮತ್ತೆ!" ಎಂದು ಗಾಡಿಯ ಜೊತೆ ಪ್ಲಾಟ್‌ಫಾರಂ ಮುಗಿಯುವವರೆಗೆ ಓಡಿದಳು. ಗಾಡಿಗೆ ಜಪಾನಿ ಬರುತ್ತಿರಲಿಲ್ಲ. ಅವನು ಕೈ ಚಾಚಿಕೊಂಡೇ ದೂರವಾದ.

ಹಸಿದು ಕೇಳಿದನೋ, ಇವಳ ಮುಖ ನೋಡಿ ಕೇಳಿದನೋ, ಆ ಬಸವಣ್ಣನಿಗೇ ಗೊತ್ತು. ನಾನು ಹೋಗಿ ಅವಳನ್ನು ಬೇವಿನ ಮರದ ಬುಡದಲ್ಲಿ ಕೂರಿಸಿದೆ. ಏದುಸಿರು ಬಿಡುತ್ತಿದ್ದಳು.

"ಕೇಳಿದ ಪಂಪೀ," ಅಂದಳು. "ಅವ್ವಾ ಅಂದು ಕೇಳಿದ. ನಾ ಹುಟ್ಟಿದಾಗಿಂದ ಯಾರಿಗೂ ಇಲ್ಲ ಅಂದಿಲ್ಲಲ್ಲೇ. ಇವತ್ತು ಕೇಳಿದ್ನಲ್ಲೇ, ಇವತ್ತು!"

ಹರಕೆ ತೀರಿತ್ತು. ತೀರಿದ ಹರಕೆಯನ್ನು ಮುಗಿಸದೆ ಬಿಡಬಾರದು. ನನ್ನ ಸಂಚಿ ಬಿಚ್ಚಿ ಒಂದು ಎಲೆ ತೆಗೆದು, ನಾರು ಬಿಡಿಸಿ, ಅಡಿಕೆ ಇಟ್ಟು ಮಡಿಸಿ ಅವಳ ಬಾಯಿಗೆ ನಾನೇ ಇಟ್ಟೆ. ಅಗಿಯುತ್ತಾ ಅಗಿಯುತ್ತಾ ಅವಳ ಕಣ್ಣಿಂದ ನೀರು ಧಾರಾಕಾರ ಇಳಿಯಿತು.

"ಸುಣ್ಣ ಹೆಚ್ಚಾತೇನಕ್ಕಾ?" ಎಂದು ಕೇಳಿದೆ.

"ಹೂಂ, ಸುಣ್ಣ," ಅಂದಳು.

ನನ್ನ ಡಬ್ಬಿಯಲ್ಲಿ ಸುಣ್ಣ ತೀರಿ ಎರಡು ದಿನವಾಗಿತ್ತು. ನಾನು ಅವಳ ಬೆನ್ನು ಸವರಿದೆ.